ತ್ಯಾಗರಾಜರ ಸನ್ನಿಧಿಯಲ್ಲಿ ಹಾಡಿದ ನಮ್ಮ ನಾಗರತ್ನಮ್ಮ

ಬೆಟ್ಟದಲ್ಲಿ ತಾಯಿ ಚಾಮುಂಡೇಶ್ವರಿಯ ದರ್ಶನ ಮುಗಿಸಿ, ಹಾಗೇ ನಂಜುಂಡೇಶ್ವರನ ಸನ್ನಿಧಿಗೂ ಹೋಗಿಬರುವುದು ನಮ್ಮ ಭಕ್ತಾದಿಗಳ ರೂಢಿ. ಆ ನಂಜನಗೂಡಿನಲ್ಲೇ 1878ರ ನವೆಂಬರ್ 3ರಂದು ಹುಟ್ಟಿದ ಹೆಣ್ಣುಮಗಳೊಬ್ಬಳ ಕಥೆ ಇದು. ಮುಂದೆ ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾದ ಮಹಾತಾಯಿ ಇವರೇ.

ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ವಕೀಲರಾಗಿದ್ದರೂ ತಾಯಿ ಮಗುವಿನ ಕೈ ಬಿಟ್ಟರು. ತಾಯಿ ಧೈರ್ಯಗೆಡಲಿಲ್ಲ. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯನವರೆಂಬ ಪಂಡಿತರ ಹತ್ತಿರ ಮಗಳಿಗೆ ಸಂಸ್ಕೃತ, ಸಂಗೀತ ಹೇಳಿಸಿದರು. ಆದರೆ ಆ ಪಾಠ ಮಧ್ಯದಲ್ಲೇ ನಿಂತುಹೋಯಿತು. ಮಗಳು ವಿದ್ವಾಂಸಳಾದ ಮೇಲೆಯೇ ಮೈಸೂರಿಗೆ ಕಾಲಿಡುತ್ತೇನೆ ಅಂತ ಆ ತಾಯಿ ಶಪಥ ಮಾಡಿ ಊರು ಬಿಟ್ಟರೆಂದು ಹೇಳುತ್ತಾರೆ. ಕೊನೆಗೆ ಬೆಂಗಳೂರಿನಲ್ಲಿ ನೆಲೆ ಸಿಕ್ಕಿತು.

ಈಗಿನ ಹಾಗೆ ಆಗ ಬೀದಿಗೊಂದು ಸಂಗೀತ ಶಾಲೆ ಇರಲಿಲ್ಲ. ಧ್ವನಿಮುದ್ರಣ ಕೇಳಿ ಕಲಿಯೋಣ ಅಂದ್ರೆ ಅದೂ ಇಲ್ಲ. ಪುರಂದರದಾಸರು ಹಾಕಿಕೊಟ್ಟ ಸರಳೆ, ಜಂಟಿ, ಅಲಂಕಾರಗಳಿಂದ ಹಿಡಿದು ಗೀತೆ, ವರ್ಣ, ಕೃತಿಗಳವರೆಗೆ ಎಲ್ಲವನ್ನೂ ಗುರುವಿನ ಎದುರು ಕೂತು, ಕೇಳಿ ಕೇಳಿ ಬಾಯಿಗೆ ತಂದುಕೊಳ್ಳಬೇಕು. ಒಂದು ಕೃತಿ ಬೇಕೆಂದರೆ ಅದು ಬಲ್ಲ ಗುರುವನ್ನೇ ಹುಡುಕಬೇಕು. ನಾಗರತ್ನಮ್ಮನವರಿಗೆ ಸಿಕ್ಕ ಗುರು ಮುನಿಸ್ವಾಮಪ್ಪನವರು. ತ್ಯಾಗರಾಜರ ನೇರ ಶಿಷ್ಯರು ವಾಲಾಜಾಪೇಟೆ ವೆಂಕಟರಮಣ ಭಾಗವತರು. ಗುರುಗಳ ಕೃತಿಗಳನ್ನು ಬರೆದಿಟ್ಟು ಉಳಿಸಿದವರು. ಅವರ ಮಗ ಕೃಷ್ಣಸ್ವಾಮಿ ಭಾಗವತರು. ಆ ಪರಂಪರೆಗೆ ಸೇರಿದವರು ಮುನಿಸ್ವಾಮಪ್ಪನವರು. ಹೀಗೆ ತ್ಯಾಗರಾಜರ ಹಾಡು ಬಾಯಿಂದ ಬಾಯಿಗೆ ಬಂದು ನಂಜನಗೂಡಿನ ಈ ಹುಡುಗಿಯ ಕಂಠದಲ್ಲಿ ನೆಲೆಸಿತು.

ಚಿಕ್ಕ ವಯಸ್ಸಿನಲ್ಲೇ ತಾಯಿಯೂ ತೀರಿಕೊಂಡರು. ಆದರೂ ಸಾಧನೆ ಬಿಡಲಿಲ್ಲ. ಹಾಡಿನ ಜೊತೆಗೆ ನೃತ್ಯ, ತೆಲುಗು, ಸಂಸ್ಕೃತವನ್ನೂ ಕಲಿತರು. ತಾಯಿ ಬಿಟ್ಟುಬಂದಿದ್ದ ಅದೇ ಮೈಸೂರಿನ ಅರಮನೆಯಲ್ಲಿ ಹಾಡಿ ಆಸ್ಥಾನ ವಿದುಷಿ ಎನಿಸಿಕೊಂಡರು. ಆ ತಾಯಿಯ ಶಪಥ ಹೀಗೆ ನೆರವೇರಿತು ನೋಡಿ. ಆಮೇಲೆ ಮದ್ರಾಸಿಗೆ ಹೋಗಿ ನೆಲೆಸಿ, ಊರೂರಲ್ಲಿ ಕಚೇರಿ ಮಾಡಿ, ಹೆಸರು, ಹಣ ಎರಡನ್ನೂ ಸಂಪಾದಿಸಿದರು.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. 1921ರಲ್ಲಿ ಮೈಸೂರಿನ ಸಂಗೀತ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರಿಂದ ಒಂದು ಕಾಗದ ಬಂತು. ತಿರುವೈಯಾರಿನಲ್ಲಿ ಕಾವೇರಿ ದಡದ ತ್ಯಾಗರಾಜರ ಸಮಾಧಿ ದಿಕ್ಕಿಲ್ಲದೆ ಹಾಳು ಬಿದ್ದಿದೆ ಎಂಬ ಸಮಾಚಾರ. ತಮಗೆ ಅನ್ನ ಕೊಟ್ಟ ಹಾಡು ಹುಟ್ಟಿದ ಜಾಗಕ್ಕೆ ಈ ಗತಿಯೇ ಎಂದು ನಾಗರತ್ನಮ್ಮ ಮರುಗಿದರು. ಬರೀ ಮರುಗಿ ಸುಮ್ಮನೆ ಕೂರಲಿಲ್ಲ. ಜಾಗ ಯಾರದೆಂದು ಪತ್ತೆ ಮಾಡಿಸಿ, ಅದೇ ವರ್ಷ ಗುಡಿಗೆ ಅಸ್ತಿಭಾರ ಹಾಕಿಸಿದರು. ಜೀವಮಾನದ ಗಳಿಕೆಯನ್ನು ಅಲ್ಲಿ ಸುರಿದರು. ತ್ಯಾಗರಾಜರ ವಿಗ್ರಹ ಮಾಡಿಸಿ, ನಿತ್ಯಪೂಜೆಗೆ ಏರ್ಪಾಡು ಮಾಡಿದರು. 1925ರ ಜನವರಿಯಲ್ಲಿ ಪ್ರತಿಷ್ಠೆ ನಡೆಯಿತು.

ಆದರೆ ಎಂಥ ವಿಪರ್ಯಾಸ! ಗುಡಿ ಕಟ್ಟಿಸಿದವರಿಗೇ ಆರಾಧನೆಯಲ್ಲಿ ಹಾಡುವ ಹಕ್ಕಿಲ್ಲ. ಹೆಂಗಸರು ಅಲ್ಲಿ ಹಾಡಕೂಡದು ಎಂಬುದು ಆಗಿನ ಕಟ್ಟಳೆ. ಆರಾಧನೆ ನಡೆಸುತ್ತಿದ್ದ ಗಂಡಸರಲ್ಲೇ ದೊಡ್ಡ ಕಚ್ಚಿ, ಚಿಕ್ಕ ಕಚ್ಚಿ ಎಂದು ಎರಡು ಪಂಗಡ ಬೇರೆ. ನಾಗರತ್ನಮ್ಮ ಜಗಳ ಕಾಯುತ್ತಾ ಕೂರಲಿಲ್ಲ. 1927ರಲ್ಲಿ ಹೆಣ್ಣುಮಕ್ಕಳದೇ ಒಂದು ಪಂಗಡ ಕಟ್ಟಿ, ಸಮಾಧಿಯ ಹಿಂಭಾಗದಲ್ಲೇ ಬೇರೆಯಾಗಿ ಆರಾಧನೆ ಶುರು ಮಾಡಿಬಿಟ್ಟರು. ಮುಂದಿನ ಬಾಗಿಲು ತೆರೆಯದಿದ್ದರೇನಂತೆ, ಹಿಂದೆ ನಿಂತು ಹಾಡಿದರೂ ಸ್ವಾಮಿಗೆ ಕೇಳಿಸುವುದಿಲ್ಲವೇ? ವರ್ಷ ವರ್ಷವೂ ಹೀಗೇ ನಡೆಯಿತು. ಕಡೆಗೆ 1941ರಲ್ಲಿ ಪಂಗಡಗಳೆಲ್ಲ ಒಂದಾದವು. ಹೆಂಗಸರೂ ಗಂಡಸರಂತೆ ಅಲ್ಲಿ ಹಾಡುವ ಕಾಲ ಬಂತು.

ಕಡೆಗಾಲದಲ್ಲಿ ಅವರು ತಿರುವೈಯಾರಿನಲ್ಲೇ ಉಳಿದರು. ಆಸ್ತಿಯನ್ನೂ ತ್ಯಾಗರಾಜರ ಸೇವೆಗೇ ಬರೆದಿಟ್ಟರು. 1952ರ ಮೇ 19ರಂದು ಅಲ್ಲೇ ದೇಹ ಬಿಟ್ಟರು. ತ್ಯಾಗರಾಜರ ಸನ್ನಿಧಿಗೆ ಎದುರಾಗಿಯೇ ಅವರ ಸಮಾಧಿಯೂ ಇದೆ. ಅವರ ಮೂರ್ತಿ ಇಂದಿಗೂ ಗುರುವಿನತ್ತ ಮುಖ ಮಾಡಿದೆ.

ತಂಜಾವೂರಿನ ಕಡೆ ಯಾತ್ರೆ ಹೊರಟವರು ತಿರುವೈಯಾರಿಗೂ ತಪ್ಪದೆ ಹೋಗಿಬನ್ನಿ. ಅಲ್ಲಿಂದ ಸುಮಾರು 13 ಕಿ.ಮೀ. ಅಷ್ಟೇ. ಪುಷ್ಯ ಬಹುಳ ಪಂಚಮಿಯ ದಿನ ಹೋದರೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಹೆಂಗಸರು, ಗಂಡಸರು ಒಟ್ಟಾಗಿ ಕೂತು ಹಾಡುವುದನ್ನು ಕೇಳಬಹುದು. ನಮ್ಮ ನಾಡಿನಲ್ಲೂ ಅನೇಕ ಊರುಗಳಲ್ಲಿ ಆರಾಧನೆ ನಡೆಯುತ್ತದೆ. ಮನೆಯಲ್ಲಿ ಹಾಡುವ ಮಗಳಿದ್ದರೆ ಕರೆದುಕೊಂಡು ಹೋಗಿ. ಅವಳು ಸಂಕೋಚವಿಲ್ಲದೆ ಮುಂದಿನ ಸಾಲಿನಲ್ಲಿ ಕೂತು ಹಾಡಲಿ. ಆ ಜಾಗವನ್ನು ಅವಳಿಗಾಗಿ ಹಿಡಿದಿಟ್ಟವರು ನಂಜನಗೂಡಿನ ನಾಗರತ್ನಮ್ಮನವರು.