ಕಡಲಿಲ್ಲದ ನಾಡಿನಿಂದ ಬಂದು ಅಲೆಗಳನ್ನು ಬರೆದ ಕೂರ್ಬೆ

ರಾಯದುರ್ಗದ ಬೆಟ್ಟವನ್ನೇರಿ ನಿಂತರೂ, ಮಡಕಶಿರೆಯ ಕಲ್ಲುಗುಡ್ಡಗಳ ನಡುವೆ ಅಲೆದರೂ ಕಡಲು ನಮ್ಮಿಂದ ಬಲು ದೂರ. ಇಂತಹ ಒಳನಾಡಿನಲ್ಲಿ ಜನಿಸಿದವನು ಸಮುದ್ರದ ಅಲೆಯನ್ನು ಚಿತ್ರಿಸಬಲ್ಲನೇ? ಫ್ರಾನ್ಸ್ ದೇಶದ ಚಿತ್ರಕಾರ ಗುಸ್ತಾವ್ ಕೂರ್ಬೆಯ ಜೀವಿತವೇ ಇದಕ್ಕೆ ಉತ್ತರವೆಂದು ನಾವು ಭಾವಿಸುತ್ತೇವೆ.

ಕೂರ್ಬೆ 1819ರ ಜೂನ್ 10ರಂದು, ಸ್ವಿಟ್ಜರ್ಲೆಂಡಿನ ಗಡಿಗೆ ಸಮೀಪವಾದ ಓರ್ನಾನ್ ಎಂಬ ಊರಿನಲ್ಲಿ, ಅನುಕೂಲಸ್ಥ ರೈತ ಮನೆತನದಲ್ಲಿ ಹುಟ್ಟಿದನು. ಸುಣ್ಣಗಲ್ಲಿನ ಬೆಟ್ಟಗಳೂ ಲೂ ನದಿಯ ಕಣಿವೆಯೂ ಆತನ ಬಾಲ್ಯದ ಲೋಕ. 1839ರಲ್ಲಿ ಪ್ಯಾರಿಸಿಗೆ ಹೋದನು. ಕಡಲನ್ನು ಮೊದಲು ಕಂಡದ್ದು 1841ರಲ್ಲಿ. ದೇವತೆಗಳನ್ನೂ ಅರಸರನ್ನೂ ಬಿಟ್ಟು, ಕಣ್ಣಾರೆ ಕಂಡುದನ್ನೇ ಬರೆಯುವುದು ಆತನ ವ್ರತ. ರಸ್ತೆಯ ಬದಿಯಲ್ಲಿ ಜಲ್ಲಿ ಒಡೆಯುವ ಇಬ್ಬರು ಕೂಲಿಗಳನ್ನು 1849ರಲ್ಲಿ ದೊಡ್ಡ ಪಟದ ಮೇಲೆ ತಂದಾಗ ಸಂಭಾವಿತರು ಹುಬ್ಬೇರಿಸಿದರು.

1869ರ ಬೇಸಿಗೆಯ ಕೊನೆಯಲ್ಲಿ ಎತ್ರೆತಾ ಎಂಬ ಕರಾವಳಿಯ ಊರಿನಲ್ಲಿ ಕೂರ್ಬೆ ತಂಗಿದನು. ಮನೆ ಕಡಲಿಗೆ ಎಷ್ಟು ಹತ್ತಿರವೆಂದರೆ, ಬಿರುಗಾಳಿಯ ದಿನ ಅಲೆಗಳ ನೀರು ಕಿಟಕಿಗೆ ಬಡಿಯುತ್ತಿತ್ತು. ಆಗಿನ್ನೂ ತರುಣನಾಗಿದ್ದ ಕಥೆಗಾರ ಮೊಪಾಸಾ ಅಲ್ಲಿಗೆ ಹೋಗಿ, ಕೂರ್ಬೆ ಅಡುಗೆಮನೆಯ ಚೂರಿಯಿಂದ ಬಿಳಿಯ ಬಣ್ಣವನ್ನು ಪಟಕ್ಕೆ ಮೆತ್ತುತ್ತಿದ್ದುದನ್ನೂ, ನಡುನಡುವೆ ಕಿಟಕಿಗೆ ಮುಖವಿಟ್ಟು ಕಡಲನ್ನು ನೋಡುತ್ತಿದ್ದುದನ್ನೂ ಕಂಡು, ಮುಂದೆ ಬರೆದಿಟ್ಟನು.

ಈ ವಿಧಾನದ ಮರ್ಮವನ್ನು ನಮ್ಮ ಮಕ್ಕಳು ಅರಿಯಬೇಕು. ತೈಲವರ್ಣ ಬೇಗನೆ ಒಣಗದು. ಹಸಿಯ ಮೇಲೆ ಹಸಿಯನ್ನೇ ಹಚ್ಚಿ, ಕುಳಿತ ಒಂದೇ ಪಟ್ಟಿನಲ್ಲಿ ಚಿತ್ರವನ್ನು ಮುಗಿಸಬಹುದು. ಕೂರ್ಬೆ ಮೊದಲು ಪಟಕ್ಕೆ ಕಪ್ಪುಛಾಯೆಯ ತಳವನ್ನು ಬಳಿದು, ಕತ್ತಲಿನಿಂದ ಬೆಳಕಿನತ್ತ ಸಾಗುತ್ತಿದ್ದನು. ಗಾರೆಯವನು ಕರಣೆಯನ್ನು ಆಡಿಸುವಂತೆ ಚಾಕುವನ್ನಾಡಿಸಿ, ಕೊನೆಗೆ ನೊರೆಯ ಬಿಳುಪನ್ನು ದಪ್ಪನಾಗಿ ಇಡುತ್ತಿದ್ದನು. ಹೆಚ್ಚು ತಿದ್ದಿದರೆ ಬಣ್ಣಗಳು ಬೆರೆತು ಕೆಸರಾಗುವುವು. ಆದುದರಿಂದ ಕೈಗಿಂತ ಮೊದಲು ಕಣ್ಣು ಸಿದ್ಧವಾಗಿರಬೇಕು. ದೊಡ್ಡ ಪಟಗಳಿಗೆ ಹೆಚ್ಚು ದಿನ ಹಿಡಿದರೂ ಅವುಗಳಲ್ಲಿಯೂ ಇದೇ ವೇಗವಿದೆ. 1870ರ ಪ್ಯಾರಿಸ್ ಪ್ರದರ್ಶನದಲ್ಲಿ ಆತನ ಕಡಲ ಚಿತ್ರಗಳು ಮನ್ನಣೆ ಗಳಿಸಿದವು.

ಮರುವರ್ಷವೇ ದುರ್ದೆಸೆ ಎರಗಿತು. 1871ರಲ್ಲಿ ಪ್ಯಾರಿಸ್ ಕಮ್ಯೂನಿನವರು ನೆಪೋಲಿಯನ್ನನ ವಿಜಯಸ್ತಂಭವನ್ನು ಕೆಡವಿದರು. ಆ ನಿರ್ಣಯವಾದ ಮೇಲೆಯೇ ಕೂರ್ಬೆ ಅವರ ಸಭೆಗೆ ಆಯ್ಕೆಯಾದದ್ದು. ಆದರೂ ಸ್ತಂಭವನ್ನು ಕಳಚಬೇಕೆಂದು ಹಿಂದಿನ ವರ್ಷ ಕೋರಿದ್ದುದರಿಂದ ಹೊಣೆಯೆಲ್ಲ ಆತನ ತಲೆಗೆ ಬಂದಿತು. ಆರು ತಿಂಗಳ ಸೆರೆಯಾಯಿತು. ಸ್ತಂಭವನ್ನು ಮರಳಿ ನಿಲ್ಲಿಸುವ ವೆಚ್ಚವನ್ನೂ ಹೊರಿಸಲಾಗಿ, 1873ರಲ್ಲಿ ಆತನು ಗಡಿಯನ್ನು ದಾಟಿ ಸ್ವಿಟ್ಜರ್ಲೆಂಡನ್ನು ಸೇರಿದನು. ಕಡೆಗೆ ಗೊತ್ತಾದ ಮೊತ್ತ 3,23,091 ಫ್ರಾಂಕ್. ವರ್ಷಕ್ಕೆ 10,000ದಂತೆ ತೀರಿಸಬೇಕೆಂದು ವಿಧಿಸಲಾಯಿತು. ಮೊದಲ ಕಂತಿಗೆ ಒಂದು ದಿನ ಮುಂಚೆ, 1877ರ ಡಿಸೆಂಬರ್ 31ರಂದು, ಐವತ್ತೆಂಟರ ವಯಸ್ಸಿನಲ್ಲಿ ಕೂರ್ಬೆ ಕಣ್ಮುಚ್ಚಿದನು. ಹುಟ್ಟೂರು ಗಡಿಯ ಆಚೆಯೇ ಉಳಿಯಿತು. ಆತನ ಅಸ್ಥಿ ಓರ್ನಾನಿಗೆ ಮರಳಿದುದು 1919ರಲ್ಲಿ.

1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದುದನ್ನು ಮನೆಯ ಹಿರಿಯರಿಂದ ಕೇಳಿ ಬಲ್ಲ ನಮಗೆ, ಗಡಿಯೆಂಬುದು ಬಾಳಿನ ಮೇಲೆ ಬೀಳುವ ಬಗೆ ಹೊಸತಲ್ಲ. ರಾಜ್ಯದ ಗೆರೆಗಳು ಬದಲಾಗುವುವು. ಕಣ್ಣು ಕಂಡುದೂ ಕೈ ಕಲಿತುದೂ ಕಳೆದುಹೋಗವು. ನಮ್ಮ ಶಾಲೆಗಳ ಮಕ್ಕಳು ಕುಂಚವನ್ನು ಹಿಡಿದು ತಮ್ಮೂರಿನ ಬಂಡೆಯನ್ನು ದಿಟ್ಟಿಸಿ ನೋಡಲಿ. ಅವರ ಕಡಲು ಅಲ್ಲಿಂದಲೇ ಆರಂಭವಾಗಲೆಂದು ನಾವು ಹಾರೈಸುತ್ತೇವೆ.