ಡೊಂಬಿವಲಿಯ ಹೆಸರನ್ನು ಗಣಿತಕ್ಕೆ ಸೇರಿಸಿದ ಕಾಪ್ರೇಕರ್ ಮಾಸ್ತರರು

ಡೊಂಬಿವಲಿ ನಿಲ್ದಾಣದಲ್ಲಿ ಬೆಳಗ್ಗಿನ ಲೋಕಲ್‌ಗೆ ನೂಕುನುಗ್ಗಲು ಪಡುವ ನಮ್ಮ ಕನ್ನಡಿಗರು ಸಾವಿರಾರು. ಆ ನಿಲ್ದಾಣದ ಹೆಸರು ಗಣಿತದಲ್ಲೂ ಇದೆ ಎಂಬುದು ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ. ಹೆಸರಿಟ್ಟವರು ದೇವಳಾಲಿಯ ಶಾಲಾ ಶಿಕ್ಷಕ ದಿ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ಕಾಪ್ರೇಕರ್ ಅವರು 1905ರ ಜನವರಿ 17ರಂದು ಡಹಾಣೂವಿನಲ್ಲಿ ಜನಿಸಿದರು. ತಂದೆ ಗುಮಾಸ್ತರು, ಜ್ಯೋತಿಷ್ಯದ ಹುಚ್ಚಿದ್ದವರು. ಎಂಟರ ಪ್ರಾಯದಲ್ಲೇ ತಾಯಿ ತೀರಿಕೊಂಡರು. ಥಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮುಂದಿನ ಓದು. ಅಲ್ಲಿ 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಪಡೆದರು. ಬಿ.ಎಸ್ಸಿ. ಮುಗಿಸಿ 1930ರಲ್ಲಿ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಿಕ್ಷಕರಾದವರು 1962ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಪಾಠ ಹೇಳಿದರು. ಅದಕ್ಕಿಂತ ದೊಡ್ಡ ಪದವಿ ಅವರಲ್ಲಿರಲಿಲ್ಲ. ಅದಕ್ಕೋ ಏನೋ, ದೇಶದ ಹಲವು ಗಣಿತ ಪಂಡಿತರು ಅವರ ಕೆಲಸವನ್ನು ಅಂಕಿಯಾಟವೆಂದು ತಳ್ಳಿಹಾಕಿದ್ದರು. ಎಷ್ಟೋ ಬರಹಗಳನ್ನು ಅವರು ತಾವೇ ಸಣ್ಣ ಪುಸ್ತಿಕೆಗಳಾಗಿ ಹೊರತರಬೇಕಾಯಿತು.

ಜಿ.ಐ.ಪಿ. ರೈಲ್ವೆಯ ಕಾಲದಲ್ಲಿ ಡೆಮ್ಲೊ ಎನ್ನುತ್ತಿದ್ದ ಡೊಂಬಿವಲಿ ನಿಲ್ದಾಣದಲ್ಲಿ ಅವರಿಗೆ ಹೊಳೆದವೇ ಡೆಮ್ಲೊ ಸಂಖ್ಯೆಗಳು. 11ರ ವರ್ಗ 121, 111ರ ವರ್ಗ 12321. ಹೀಗೇ ಒಂಬತ್ತು ಒಂದುಗಳನ್ನು ಬರೆದು ವರ್ಗ ಮಾಡಿದರೆ ಬರುವುದು 12345678987654321. ಒಂಬತ್ತರವರೆಗೆ ಮೆಟ್ಟಿಲು ಹತ್ತಿ ಇಳಿದಂತೆ! ಇದರ ಹದಿನೇಳು ಅಂಕಿಗಳ ಮೊತ್ತ 81. ಆ 81ರಿಂದಲೇ ಇದು ಶೇಷವಿಲ್ಲದೆ ಭಾಗವಾಗುತ್ತದೆ. ಅಂಥ ಸಂಖ್ಯೆಗಳಿಗೆ ಹರ್ಷದ ಎಂದು ಹೆಸರಿಟ್ಟವರೂ ಇವರೇ. ಹತ್ತು ಒಂದುಗಳಿಗೆ ಹೋದರೆ ಕೈಸಾಲ ಬಂದು ಮೆಟ್ಟಿಲು ಮುರಿಯುತ್ತದೆ.

ಹೆಚ್ಚು ಪ್ರಸಿದ್ಧವಾದದ್ದು 6174. ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿಯ ಯಾವ ಸಂಖ್ಯೆಯನ್ನಾದರೂ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 3524 ಆದರೆ 5432ರಿಂದ 2345 ಕಳೆದು 3087. ಮತ್ತೆ ಹಾಗೆಯೇ ಮಾಡಿದರೆ 8352, ಆಮೇಲೆ 6174. ಹೆಚ್ಚೆಂದರೆ ಏಳು ಸಲ, ಅಷ್ಟರಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಇದನ್ನು ತಿಳಿಸಿದರು. ನಮ್ಮಂಥ ಬ್ಯಾಂಕ್ ಗುಮಾಸ್ತರಿಗೆ ಇದರ ವಾಸನೆ ಹೊಸತಲ್ಲ. ಲೆಡ್ಜರ್ ಕಾಲದಲ್ಲಿ ಸಂಜೆ ಟ್ಯಾಲಿ ಆಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದೆವು. ಸರಿಯಾಗಿ ಭಾಗವಾದರೆ ಯಾರೋ 54ನ್ನು 45 ಎಂದು ತಿರುವಿ ಬರೆದಿದ್ದಾರೆಂದೇ ಗುಮಾನಿ. 6174 ಕೂಡ ಒಂಬತ್ತರ 686 ಪಟ್ಟು. ನಾವು ತಪ್ಪು ಹುಡುಕಿ ಮನೆಗೆ ಹೋದೆವು, ಅವರು ಅಲ್ಲೇ ಕುಳಿತು ಮುಂದೆ ನೋಡಿದರು.

1966ರಲ್ಲಿ ಪತ್ನಿ ತೀರಿಕೊಂಡರು. ಪಿಂಚಣಿ ಸಾಲದೆ ಮಾಸ್ತರರು ಗಣಿತ, ವಿಜ್ಞಾನದ ಟ್ಯೂಷನ್ ಹೇಳಿ ದಿನ ದೂಡುತ್ತಿದ್ದರು. 1975ರ ಮಾರ್ಚ್‌ನಲ್ಲಿ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಇವರ ಬಗ್ಗೆ ಬರೆದ ಮೇಲೆ ಹೊರದೇಶಗಳಲ್ಲಿ ಹೆಸರು ಹಬ್ಬಿತು. ಆಗ ಅವರಿಗೆ ಎಪ್ಪತ್ತು ತುಂಬಿತ್ತು. 1986ರಲ್ಲಿ ನಿಧನರಾದರು.