ಗೆರೆಯಲ್ಲಿ ನಂಟು ಕಂಡ ಹೆಬ್ಬಾರರು

ಕನ್ನಡ ನಾಡು ಹೆತ್ತ ಚಿತ್ರಕಲಾವಿದರಲ್ಲಿ ಶ್ರೀ ಕೆ. ಕೆ. ಹೆಬ್ಬಾರರ ಹೆಸರು ಬಹು ಹಿರಿದು. ಅವರ ಪೂರ್ಣ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದರು. ತಂದೆಯವರು ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಹೀಗಾಗಿ ಬಾಲಕನಿಗೆ ಮನೆಯೇ ಕಲೆಯ ಮೊದಲ ಪಾಠಶಾಲೆಯಾಯಿತು. ನಮ್ಮ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರ ಮನೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಅಲ್ಲಿ ಹಗುರವಾದ ಮರವನ್ನು ಕೆತ್ತುವುದು, ಹುಣಸೆ ಬೀಜದ ಅಂಟು ಕಾಯಿಸುವುದು, ಬಣ್ಣ ತುಂಬುವುದು ಎಲ್ಲವೂ ಮನೆಮಂದಿಯ ಕೆಲಸವೇ.

ಹೆಬ್ಬಾರರು ಮೈಸೂರಿನಲ್ಲಿ ಕೆಲಕಾಲ ಅಭ್ಯಾಸ ಮಾಡಿ ಮುಂಬಯಿಗೆ ತೆರಳಿದರು. ಅಲ್ಲಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದು, ಮುಂದೆ ಅದೇ ಶಾಲೆಯಲ್ಲಿ ಉಪಾಧ್ಯಾಯರಾದರು. ಪ್ಯಾರಿಸ್ ನಗರದ ಜೂಲಿಯನ್ ಅಕಾಡೆಮಿಯಲ್ಲಿಯೂ ಕಲಿತು ಬಂದರು. ಪರದೇಶದ ವಿದ್ಯೆಯನ್ನು ಕಲಿತರೂ ಹುಟ್ಟೂರಿನ ಋಣವನ್ನು ಮರೆಯಲಿಲ್ಲ. ದುಡಿಯುವ ಹೆಂಗಸರು, ವಾದ್ಯ ನುಡಿಸುವವರು, ಕುಣಿಯುವವರು, ಹಸಿದವರು ಅವರ ಚಿತ್ರಗಳಲ್ಲಿ ಬಂದು ನೆಲೆಸಿದರು. ಗೆರೆಗೆ ಲಯ ಕೂಡಿಬರಬೇಕೆಂದು ಅವರು ಗುರುಮುಖೇನ ಕಥಕ್ ನೃತ್ಯವನ್ನೇ ಕಲಿತರೆಂಬುದು ಅವರ ಶ್ರದ್ಧೆಗೆ ಸಾಕ್ಷಿ.

ಅವರ ವರ್ಣಚಿತ್ರಗಳಿಗಿಂತಲೂ ರೇಖಾಚಿತ್ರಗಳೇ ನನ್ನ ಮನಸ್ಸನ್ನು ಹೆಚ್ಚು ಸೆಳೆದಿವೆ. ಕೈ ಎತ್ತದೆ ಎಳೆದಂತೆ ತೋರುವ ಗೆರೆ ಒಬ್ಬನ ತೋಳಿನಿಂದ ಹೊರಟು ಇನ್ನೊಬ್ಬನ ಹೆಗಲಿಗೆ ಮುಟ್ಟುತ್ತದೆ. ಇಬ್ಬರ ನಡುವೆ ಗೋಡೆಯಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಅಕ್ಷರ ಬಾರದು. ನಾನು ಓದುತ್ತ ಹೋದಂತೆ ನಮ್ಮಿಬ್ಬರ ನಡುವಿನ ಮಾತು ಕಡಿಮೆಯಾಗುತ್ತ ಬಂತು. ಪುಸ್ತಕದ ಸಂಗತಿಯನ್ನು ಅವಳಿಗೆ ಹೇಗೆ ಹೇಳಬೇಕೆಂಬುದೇ ನನಗೆ ತೋಚುತ್ತಿರಲಿಲ್ಲ. ರಜೆಯಲ್ಲೊಮ್ಮೆ ಹೆಬ್ಬಾರರ ರೇಖಾಚಿತ್ರಗಳನ್ನು ಮನೆಗೆ ಒಯ್ದಿದ್ದೆ. ವಾದ್ಯಗಾರನೂ ನರ್ತಕಿಯೂ ಇದ್ದ ಒಂದು ಚಿತ್ರದ ಮೇಲೆ ಅವ್ವ ಬೆರಳಾಡಿಸಿದಳು. ಕುಣಿಯುವವಳ ಪಾದಕ್ಕೆ ಬಾರಿಸುವವನ ಕೈ ಕೇಳಿಸುತ್ತಿದೆ ಎಂದಳು. ಆಮೇಲೆ ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಿದ್ದ, ನಾನು ಕಾಣದ ಸೋದರಮಾವನ ಸುದ್ದಿ ತೆಗೆದಳು. ಅಂದು ದೀಪ ಆರಿಸುವವರೆಗೂ ಅವಳೇ ಮಾತಾಡಿದಳು, ನಾನು ಕೇಳಿದೆ. ನಾನು ಚಿತ್ರದಲ್ಲಿ ಕಾಣದಿದ್ದುದನ್ನು ಅವಳು ಕಂಡಿದ್ದಳು.

ಭಾರತ ಸರ್ಕಾರವು ಹೆಬ್ಬಾರರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1996ರಲ್ಲಿ ಮುಂಬಯಿಯಲ್ಲಿ ಅವರು ದೈವಾಧೀನರಾದರು. ಮಗಳು ರೇಖಾ ರಾವ್ ಅವರೂ ಚಿತ್ರಕಲಾವಿದೆಯಾದುದರಿಂದ ತಂದೆಯಿಂದ ಬಂದ ಬಳುವಳಿ ಮತ್ತೊಂದು ತಲೆಮಾರಿಗೆ ಸಂದಿತು.

ಇಂಥ ಚಿತ್ರ ಕಾಣಲು ಮುಂಬಯಿಗೇ ಹೋಗಬೇಕಾಗಿಲ್ಲ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ ಗುಡ್ಡದ ಬಂಡೆಗಳ ಮೇಲೆ ಅಕ್ಷರವರಿಯದ ಪೂರ್ವಿಕರು ಕೆಮ್ಮಣ್ಣಿನ ಬಣ್ಣದಿಂದ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದಿಟ್ಟಿದ್ದಾರೆ. ಅವರ ಮಾತು ಅಳಿಯಿತು, ಗೆರೆ ಉಳಿಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬರುವ ನನ್ನಂಥ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಅಕ್ಷರ ಕಲಿತ ನಾವು ಗೆರೆಯನ್ನೂ ಓದಲು ಕಲಿಯೋಣ. ಹಡೆದವರೊಡನೆ ಕುಳಿತು ಓದಬಹುದಾದ ಪುಸ್ತಕ ಒಂದಾದರೂ ನಮ್ಮ ಮನೆಯಲ್ಲಿರಲಿ.